ಆಮೋಸನನ್ನು ಓದುವಾಗ ಓಳಂಬಾ ಜೊತೆಗಿರಲಿ

ಪುಣೆಯಲ್ಲಿ ಯಾವ ಕಟ್ಟಡ ಏಳುತ್ತಿದ್ದರೂ ಪರಾಂಚಿ, ಅಂದರೆ ಕೆಲಸಕ್ಕೆ ಕಟ್ಟಿದ ಅಟ್ಟಣೆಯ ಕೆಳಗೆ ಒಂದು ಗಳಿಗೆ ನಿಂತು ಕೇಳಿ. ಬೀದರ್, ಕಲಬುರಗಿ, ಯಾದಗಿರಿ ಕಡೆಯ ಕನ್ನಡ ಕಿವಿಗೆ ಬೀಳುತ್ತದೆ. ನಾನೂ ಹುಮನಾಬಾದ್ ತಾಲೂಕಿನವನು. ಬಿಗಾರಿಯಾಗಿ, ಅಂದರೆ ಕೈಯಾಳಾಗಿ ಬಂದೆ, ಗೋಡೆ ಕಟ್ಟುವ ಗವಂಡಿಯಾದೆ, ಈಗ 12 ವರ್ಷದಿಂದ ಸೈಟ್ ಸೂಪರ್‌ವೈಸರ್. ಭಾನುವಾರ ಸಂಜೆ ಯರವಡಾದ ನಮ್ಮ ಖೋಲಿಯಲ್ಲಿ ಹತ್ತು ಹನ್ನೆರಡು ಜನ ಕೂತು ಕನ್ನಡ ಸತ್ಯವೇದ ಓದುತ್ತೇವೆ. ಹೋದ ಮಳೆಗಾಲದಲ್ಲಿ ಅದರಲ್ಲಿನ ಪ್ರವಾದಿ ಆಮೋಸನ ಪುಸ್ತಕ ಓದಿದೆವು. ಐದು ಭಾನುವಾರ ಹಿಡಿಯಿತು. ವಾಘೋಲಿ ಕಡೆಯ ಒಂದು ಗುಂಪಿನವರು, "ಹ್ಯಾಂಗ ಓದಿದ್ರಿ, ಬರದು ಕೊಡ್ರಿ" ಅಂದರು. ಅವರಿಗೋಸ್ಕರ ಇದು. ದುಡಿದು ತಿನ್ನುವ ಬೇರೆ ಯಾರು ಓದಿದರೂ ಸಂತೋಷ.

ಪುಸ್ತಕ ಚಿಕ್ಕದು. 9 ಅಧ್ಯಾಯ, 146 ವಚನ. ಯೋವೇಲ ಆದಮೇಲೆ, ಓಬದ್ಯನಿಗಿಂತ ಮುಂಚೆ ಸಿಗುತ್ತದೆ. ಜೊತೆಗೆ ಮೂರು ಸಾಮಾನು ಇಟ್ಟುಕೊಳ್ಳಿ. ನೆಲದ ಮೇಲೆ ಬರೆಯಲು ಸೀಮೆಸುಣ್ಣ. ನಾಲ್ಕು ಅತ್ತಿಹಣ್ಣು. ಒಂದು ಓಳಂಬಾ, ಅಂದರೆ ಗೋಡೆ ನೆಟ್ಟಗಿದೆಯಾ ಅಂತ ನೋಡುವ ದಾರದ ಗುಂಡು. ಪುಸ್ತಕದ ಕನ್ನಡದಲ್ಲಿ ನೂಲುಗುಂಡು ಅಂತಾರೆ. ಗವಂಡಿ ಕೆಲಸದವರು ಯಾರೂ ಗುಂಪಿನಲ್ಲಿ ಇಲ್ಲದಿದ್ದರೆ ಪಕ್ಕದ ಸೈಟಿನಲ್ಲಿ ಕೇಳಿ, ಒಂದು ಸಂಜೆಗೆ ಕೊಡುತ್ತಾರೆ.

ಮೊದಲ ಭಾನುವಾರ ಏನನ್ನೂ ವಿವರಿಸಲು ಹೋಗಬೇಡಿ. ಇಡೀ ಪುಸ್ತಕ ಗಟ್ಟಿಯಾಗಿ ಓದಿ, ಒಬ್ಬರಿಗೆ ಒಂದು ಅಧ್ಯಾಯದಂತೆ. ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಅರ್ಧಕ್ಕೂ ಹೆಚ್ಚು ಜನಕ್ಕೆ ಏನೂ ತಿಳಿಯುವುದಿಲ್ಲ, ಪರವಾಗಿಲ್ಲ. ಬೈಗುಳ ಜಾಸ್ತಿ ಅನ್ನಿಸುತ್ತದೆ. ಅದೂ ನಿಜ. ಓದಿ ಮುಗಿದ ಮೇಲೆ 7ನೇ ಅಧ್ಯಾಯದ 14ನೇ ವಚನಕ್ಕೆ ಬನ್ನಿ. ಅಲ್ಲಿ ಆಮೋಸ ತಾನು ಯಾರು ಅಂತ ತಾನೇ ಹೇಳುತ್ತಾನೆ. ನಾನು ಪ್ರವಾದಿಯಲ್ಲ, ಪ್ರವಾದಿಗಳ ಗುಂಪಿನವನೂ ಅಲ್ಲ, ದನ ಕುರಿ ಕಾಯುವವನು, ಅತ್ತಿಹಣ್ಣು ನೋಡಿಕೊಳ್ಳುವವನು ಅನ್ನುತ್ತಾನೆ. ಮೊದಲ ವಚನದಲ್ಲಿ ಅವನಿಗೆ ಕುರಿಗಾಹಿ ಅನ್ನಲು ಬಳಸಿದ ಇಬ್ರಿಯ (ಹೀಬ್ರೂ) ಮಾತನ್ನೇ ಬೇರೆ ಕಡೆ ಮೋವಾಬಿನ ರಾಜ ಮೇಷನಿಗೂ ಬಳಸಿದ್ದಾರೆ. ಅದಕ್ಕೇ ಅವನು ಬಡವನಲ್ಲ, ಮಂದೆಯ ಯಜಮಾನ ಅಂತ ಹೇಳುವವರೂ ಇದ್ದಾರೆ. ಅದೇನೇ ಇರಲಿ, ಕೈಕೆಲಸ ಗೊತ್ತಿದ್ದವನು ಅನ್ನುವುದು ಅವನ ಪ್ರತಿ ಹೋಲಿಕೆಯಲ್ಲೂ ಕಾಣುತ್ತದೆ.

ಈಗ ಅತ್ತಿಹಣ್ಣು ಹೊರಗೆ ತೆಗೆಯಿರಿ. ಇಲ್ಲಿನವರು ಉಂಬರ ಅನ್ನುವ ಮರ, ಪುಣೆಯಲ್ಲಿ ಬೇಕಾದಷ್ಟಿವೆ. ಆಮೋಸನ ಮರ ಇದೇ ಅಲ್ಲ, ಇದರ ದಾಯಾದಿ. ಅದೂ ಬೊಡ್ಡೆಗೇ ಗೊಂಚಲು ಬಿಡುತ್ತದೆ, ಬಡವರ ಹಣ್ಣು. ಆ ಹಣ್ಣು ತಾನಾಗಿ ಸರಿಯಾಗಿ ಮಾಗುವುದಿಲ್ಲ. ಕಾಯಿ ಇದ್ದಾಗಲೇ ಒಂದೊಂದನ್ನೂ ಚಾಕುವಿನಿಂದ ಗೀರಬೇಕು. ಗೀರಿದ ಮೇಲೆ ಕೆಲವೇ ದಿನದಲ್ಲಿ ಉಬ್ಬಿ ಮಾಗುತ್ತದೆ. ಮರ ಹತ್ತಿ ಸಾವಿರ ಕಾಯಿ ಗೀರುವ ಕೆಲಸ ಅದು. ಅವನ ಊರು ತೆಕೋವ ಜೆರುಸಲೇಮಿನಿಂದ ದಕ್ಷಿಣಕ್ಕೆ ಸುಮಾರು 16 ಕಿಲೋಮೀಟರ್, ಎತ್ತರದ ಬೆಟ್ಟದ ಸೀಮೆ. ಈ ಮರ ತಗ್ಗಿನ, ಬೆಚ್ಚಗಿನ ನೆಲದ್ದು. ಅಂದರೆ ಸುಗ್ಗಿಯಲ್ಲಿ ಅವನು ಕೆಲಸಕ್ಕೆ ಊರು ಬಿಟ್ಟು ಇಳಿಯುತ್ತಿದ್ದಿರಬೇಕು. ಇಷ್ಟು ಹೇಳಿದ್ದೇ ತಡ, ನಮ್ಮ ಗುಂಪಿನ ಹೆಂಗಸರು ಮುಂದಕ್ಕೆ ಸರಿದು ಕೂತರು. ಕಬ್ಬು ಕಡಿಯಲು ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ಹಣ್ಣು ಬಿಚ್ಚಿ ಎಲ್ಲರಿಗೂ ತೋರಿಸಿ. ಅತ್ತಿಹಣ್ಣು ಬಿಚ್ಚಿದರೆ ಬರೀ ಹುಳ ಅಂತ ನಮ್ಮಲ್ಲಿ ಗಾದೆಯೇ ಇದೆ. ಆಮೋಸ ಮಾತಾಡಿದ ಕಾಲ ಹಾಗಿತ್ತು. ಕ್ರಿಸ್ತಪೂರ್ವ 760ರ ಆಸುಪಾಸು. ಉತ್ತರದ ಇಸ್ರಾಯೇಲಿನಲ್ಲಿ ಎರಡನೇ ಯಾರೊಬ್ಬಾಮ ರಾಜ, ದಕ್ಷಿಣದ ಯೆಹೂದದಲ್ಲಿ ಉಜ್ಜೀಯ. ಗಡಿ ಬೆಳೆದಿತ್ತು, ವ್ಯಾಪಾರ ಜೋರು, ಬೇತೇಲಿನ ದೇವಸ್ಥಾನದಲ್ಲಿ ಜನವೋ ಜನ. ಹೊರಗೆ ಕೆಂಪಗೆ ಹೊಳೆಯುವ ಹಣ್ಣು. ದಕ್ಷಿಣದ ಈ ಮನುಷ್ಯ ಉತ್ತರಕ್ಕೆ ಬಂದು ಅದನ್ನು ಬಿಚ್ಚಿ ತೋರಿಸಿದ.

ಎರಡನೇ ಭಾನುವಾರಕ್ಕೆ ಮೊದಲ ಎರಡು ಅಧ್ಯಾಯ ಮಾತ್ರ. ಸೀಮೆಸುಣ್ಣ ತಗೊಂಡು ನೆಲದ ಮಧ್ಯದಲ್ಲಿ ಒಂದು ದುಂಡು ಹಾಕಿ ಇಸ್ರಾಯೇಲ್ ಅಂತ ಬರೆಯಿರಿ. ಓದುತ್ತಾ ಸುತ್ತಲಿನ ಊರುಗಳನ್ನು ಗುರುತು ಮಾಡಿ. ಈಶಾನ್ಯಕ್ಕೆ ದಮಸ್ಕ. ನೈರುತ್ಯಕ್ಕೆ ಗಾಜಾ. ಸಮುದ್ರದ ದಂಡೆಗೆ ವಾಯವ್ಯದಲ್ಲಿ ತೂರ್. ಆಗ್ನೇಯಕ್ಕೆ ಎದೋಮ್. ಪೂರ್ವಕ್ಕೆ ಅಮ್ಮೋನ್, ಅದರ ಕೆಳಗೆ ಮೋವಾಬ್. ಒಂದೊಂದಕ್ಕೂ ಮೂರು ತಪ್ಪಲ್ಲ, ನಾಲ್ಕು ತಪ್ಪು ಅಂತ ಒಂದೇ ರಾಗದಲ್ಲಿ ಶುರುವಾಗುತ್ತದೆ. ಪ್ರತಿ ಊರು ಮುಗಿದಾಗ ಕೇಳುವವರು ಗಟ್ಟಿಯಾಗಿ "ಖರೇ ಐತಿ" ಅನ್ನಬೇಕು. ಇದನ್ನು ತಪ್ಪಿಸಬೇಡಿ, ಮಕ್ಕಳಾಟ ಅನ್ನಿಸಿದರೂ ಮಾಡಿಸಿ. ಆರು ಸಲ ಹುರುಪಿನಿಂದ ಅನ್ನುತ್ತಾರೆ. ಏಳನೆಯದು ಯೆಹೂದ, ಆಮೋಸನ ಸ್ವಂತ ನಾಡು. ಆಗಲೂ ಅನ್ನುತ್ತಾರೆ. ಎಂಟನೆಯದು ನಡುವಿನ ದುಂಡು. ಸುತ್ತ ಹಾಕಿದ ಬಲೆ ಒಳಗೆ ಬಂದಿರುತ್ತದೆ. ನಮ್ಮ ಖೋಲಿಯಲ್ಲಿ ಆಗ ಯಾರೂ ಬಾಯಿ ಬಿಡಲಿಲ್ಲ. ಬೇತೇಲಿನಲ್ಲೂ ಹೀಗೇ ಆಗಿರಬೇಕು.

ಸುತ್ತಲಿನ ಆರು ಊರುಗಳ ತಪ್ಪು ಹೆಚ್ಚಾಗಿ ಯುದ್ಧದ್ದು, ಯೆಹೂದದ್ದು ದೇವರ ಕಾನೂನು ಬಿಟ್ಟದ್ದು. ಇಸ್ರಾಯೇಲಿನ ತಪ್ಪು ಮಾತ್ರ ದಿನದ ವ್ಯವಹಾರದ್ದು. ಬೆಳ್ಳಿಗಾಗಿ ನೀತಿವಂತನನ್ನು ಮಾರಿದರು, ಒಂದು ಜೋಡಿ ಕೆರಕ್ಕಾಗಿ ಬಡವನನ್ನು ಮಾರಿದರು. ಪುಣೆಯ ಕ್ಯಾಂಪ್ ಭಾಗದಲ್ಲಿ ಲಾಲ್ ದೇವಳ ಅನ್ನುವ ಕೆಂಪು ಇಟ್ಟಿಗೆಯ ಗೋಪುರ ನೋಡಿದ್ದೀರಲ್ವಾ? ಅದು ಡೇವಿಡ್ ಸಸೂನ್ ಕಟ್ಟಿಸಿದ ಯೆಹೂದ್ಯರ ಸಭಾಮಂದಿರ, 1867ರದು. ಆ ಇಟ್ಟಿಗೆ ಕೆಲಸ ನೋಡಲು ನಾನು ಬೈಕ್ ನಿಲ್ಲಿಸುತ್ತೇನೆ. ಯೆಹೂದ್ಯರು ಯೋಸೇಫನನ್ನು ಅಣ್ಣಂದಿರು 20 ಬೆಳ್ಳಿಗೆ ಮಾರಿದ ಕಥೆ ಓದುವ ವಾರ, ಅದರ ಜೊತೆಗೆ ಆಮೋಸನ ಈ ಭಾಗವನ್ನೇ ಓದುವ ಪದ್ಧತಿ ಇದೆ. ನೀವೂ ಎರಡನ್ನೂ ಒಟ್ಟಿಗೆ ಓದಿ ನೋಡಿ.

2ನೇ ಅಧ್ಯಾಯದ 8ನೇ ವಚನದಲ್ಲಿ ನಿಲ್ಲಿ. ಅಡವಿಟ್ಟುಕೊಂಡ ಬಟ್ಟೆ ಹಾಸಿಕೊಂಡು ಬಲಿಪೀಠದ ಪಕ್ಕ ಮಲಗುತ್ತಾರೆ ಅಂತಿದೆ. ಇದು ಅರ್ಥವಾಗಬೇಕಾದರೆ ವಿಮೋಚನಕಾಂಡ 22ನೇ ಅಧ್ಯಾಯದ 26, 27 ತೆಗೆಯಬೇಕು. ಸಾಲಕ್ಕೆ ಬಡವನ ಹೊದಿಕೆ ಹಿಡಿದುಕೊಂಡರೆ ಹೊತ್ತು ಮುಳುಗುವುದರೊಳಗೆ ವಾಪಸ್ ಕೊಡು, ರಾತ್ರಿ ಅವನಿಗೆ ಹೊದೆಯಲು ಅದೊಂದೇ ಇರುವುದು ಅನ್ನುತ್ತದೆ ಆ ಕಾನೂನು.

ನಮ್ಮಲ್ಲಿ ಅದನ್ನು ಓದುವ ಪಾಳಿ ಅಫಜಲಪುರ ಕಡೆಯ ಒಬ್ಬ ಹುಡುಗನದು. ನನ್ನ ಸೈಟಿನಲ್ಲೇ ಬಿಗಾರಿ. ನನ್ನ ಹತ್ತಿರ 15 ಸಾವಿರ ಉಚಲ್, ಅಂದರೆ ಮುಂಗಡ ತಗೊಂಡಿದ್ದ. ಓಡಿಹೋಗದಿರಲಿ ಅಂತ ಅವನ ಆಧಾರ್ ಕಾರ್ಡು, ಎಟಿಎಂ ಕಾರ್ಡು ನನ್ನ ತಗಡಿನ ಪೆಟ್ಟಿಗೆಯಲ್ಲಿಟ್ಟಿದ್ದೆ. ಎಲ್ಲ ಕಡೆ ನಡೆಯುವುದೇ ಇದು, ಪಾಪ ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಹುಡುಗ ಬೆರಳಿಟ್ಟು ನಿಧಾನಕ್ಕೆ ಓದಿದ. ಓದಿ ಮುಗಿಸಿ ತಲೆ ಎತ್ತಲಿಲ್ಲ, ಬೆರಳೂ ತೆಗೆಯಲಿಲ್ಲ. ಅವನಿಗೆ ತಿಳಿದಿದೆ ಅಂತ ನನಗೆ ತಿಳಿಯಿತು. ಹೊರಗೆ ಹೊತ್ತು ಮುಳುಗಿ ಅರ್ಧ ತಾಸಾಗಿತ್ತು. ಆ ಪೆಟ್ಟಿಗೆಯ ಮೇಲೆಯೇ ನಾನು ಕೂತಿದ್ದೆ. ಎದ್ದು ತೆಗೆದು ಎರಡೂ ಕಾರ್ಡು ಅವನ ಕೈಗೆ ಕೊಟ್ಟೆ.

"ಅಣ್ಣಾರ, ಇನ್ನ ಒಂಬತ್ತು ಸಾವಿರ ಬಾಕಿ ಐತ್ರಿ" ಅಂದ.

"ಬಾಕಿ ಇರ್ಲಿ ತಮ್ಮಾ. ಕಾರ್ಡ್ ನಿಂದು" ಅಂದೆ.

ಪೆಟ್ಟಿಗೆಯಲ್ಲಿ ಇನ್ನೂ ನಾಲ್ಕು ಜನರವು ಇದ್ದವು. ಸೋಮವಾರ ಹಾಜರಿ ಹಾಕುವಾಗ ಕೊಟ್ಟೆ. ಆ ಭಾನುವಾರ ಮುಂದಕ್ಕೆ ಓದಲಿಲ್ಲ. ನಿಮ್ಮಲ್ಲೂ ಹೀಗೆ ಎಲ್ಲಾದರೂ ನಿಂತರೆ ನಿಲ್ಲಲಿ, ಅಧ್ಯಾಯ ಮುಗಿಸಬೇಕು ಅಂತ ಎಳೆಯಬೇಡಿ.

ಇದು ಬರೀ ಪ್ರವಾದಿಯ ಸಿಟ್ಟಿನ ಮಾತಲ್ಲ ಅನ್ನುವುದಕ್ಕೆ ಒಂದು ಸಾಕ್ಷಿ ಇದೆ. 1960ರಲ್ಲಿ ಇಸ್ರೇಲಿನ ಸಮುದ್ರ ದಂಡೆಯ ಹತ್ತಿರ ಒಂದು ಹಳೆಯ ಕೋಟೆ ಅಗೆಯುವಾಗ ಮಸಿಯಲ್ಲಿ ಬರೆದ ಮಡಕೆ ಚೂರುಗಳು ಸಿಕ್ಕವು. ಆಮೋಸನಿಗಿಂತ ನೂರು ವರ್ಷಕ್ಕೂ ಈಚಿನವು. ಅದು ಒಬ್ಬ ಕೊಯ್ಲಿನ ಆಳು ಅಧಿಕಾರಿಗೆ ಕೊಟ್ಟ ಅರ್ಜಿ. ನನ್ನ ಪಾಲಿನ ಕೊಯ್ಲು ಮುಗಿಸಿ ಕಣಜಕ್ಕೆ ಹಾಕಿದ್ದೆ, ಆದರೂ ಮೇಲಿನವನು ನನ್ನ ಬಟ್ಟೆ ಕಿತ್ತುಕೊಂಡ, ನನ್ನ ಜೊತೆ ಕೊಯ್ದವರೆಲ್ಲ ಸಾಕ್ಷಿ ಹೇಳುತ್ತಾರೆ, ಬಟ್ಟೆ ಕೊಡಿಸಿ ಅಂತ ಕೇಳಿದ್ದಾನೆ. ಆ ಆಳಿನ ಹೆಸರು ಉಳಿದಿಲ್ಲ, ಅರ್ಜಿ ಉಳಿದಿದೆ.

ಮೂರನೇ ಭಾನುವಾರ 3ರಿಂದ 6. ಇಲ್ಲಿ 3, 4 ಬೇಗ ಬೇಗ ಓದಿ. 3:12 ಮಾತ್ರ ಕುರಿ ಕಾದವರ ಕೈಲಿ ಓದಿಸಿ. ಸಿಂಹದ ಬಾಯಿಂದ ಕುರುಬ ಎರಡು ಕಾಲು, ಒಂದು ಚೂರು ಕಿವಿ ಕಿತ್ತು ತರುತ್ತಾನಲ್ಲ, ಅಷ್ಟೇ ಉಳಿಯುತ್ತೀರಿ ಅನ್ನುತ್ತಾನೆ. ಕುರಿ ಬದುಕಿತು ಅಂತ ಅಲ್ಲ. ತಾನು ಕದ್ದು ಮಾರಿಲ್ಲ, ಮೃಗವೇ ತಿಂದಿದೆ ಅಂತ ಯಜಮಾನನಿಗೆ ತೋರಿಸಲು ಆ ಚೂರು ಬೇಕು. 4ನೇ ಅಧ್ಯಾಯದಲ್ಲಿ ಬರಗಾಲ, ಮಳೆ ಇಲ್ಲದ್ದು, ಬೆಳೆಗೆ ರೋಗ, ಯುದ್ಧ ಅಂತ ಒಂದೊಂದು ಹೇಳಿ, ಆದರೂ ನೀವು ನನ್ನ ಕಡೆ ತಿರುಗಲಿಲ್ಲ ಅನ್ನುವ ಮಾತು ಐದು ಸಲ ಬರುತ್ತದೆ. ಎಣಿಸುತ್ತಾ ಹೋಗಿ, ಸಾಕು. 6ನೇ ಅಧ್ಯಾಯದಲ್ಲಿ ದಂತದ ಮಂಚ ಬರುತ್ತದೆ. ಇಸ್ರಾಯೇಲಿನ ರಾಜಧಾನಿ ಸಮಾರ್ಯದ ಅರಮನೆಯ ಜಾಗ ಅಗೆದಾಗ ಕೆತ್ತನೆ ಮಾಡಿದ ದಂತದ ತುಣುಕುಗಳು ಬಹಳ ಸಿಕ್ಕಿವೆ. ಮಂಚಕ್ಕೆ, ಪೀಠಕ್ಕೆ ಅಂಟಿಸುವಂಥವು.

ಹೊತ್ತು ಕೊಡಬೇಕಾದದ್ದು 5ನೇ ಅಧ್ಯಾಯಕ್ಕೆ. ನ್ಯಾಯ ನೀರಿನಂತೆ ಹರಿಯಲಿ ಅನ್ನುವ 24ನೇ ವಚನ ಎಲ್ಲರಿಗೂ ಗೊತ್ತು. ಮಾರ್ಟಿನ್ ಲೂಥರ್ ಕಿಂಗ್ 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಲಕ್ಷಾಂತರ ಜನರ ಮುಂದೆ ಇದನ್ನೇ ಹೇಳಿದರು. ಆದರೆ ಇದೊಂದನ್ನೇ ಕ್ಯಾಲೆಂಡರಿನಲ್ಲಿ ಹಾಕಿಕೊಂಡರೆ ಆಗಲಿಲ್ಲ. 21ರಿಂದ ಓದಿ. ನಿಮ್ಮ ಹಬ್ಬ ನನಗೆ ಬೇಡ, ನಿಮ್ಮ ಕಾಣಿಕೆ ಬೇಡ, ನಿಮ್ಮ ಹಾಡಿನ ಗದ್ದಲ ನನ್ನಿಂದ ದೂರ ತೆಗೆಯಿರಿ ಅಂತ ದೇವರು ಹೇಳಿದ ಮೇಲೆ ಆ ಮಾತು ಬರುತ್ತದೆ. ನಮ್ಮ ಕೂಟ ಭಜನೆಯಿಂದಲೇ ಶುರುವಾಗುವುದು. ಆ ಸಂಜೆ ಡೋಲಕ್ಕು, ಹಾರ್ಮೋನಿಯಂ ಪೆಟ್ಟಿಗೆ ಎರಡನ್ನೂ ಬಟ್ಟೆ ಮುಚ್ಚಿ ಮೂಲೆಯಲ್ಲಿಟ್ಟೆವು. ಹಾಡಿಲ್ಲದೆ ಕೂತರೆ ಎಷ್ಟು ಕಷ್ಟ ಅನ್ನುವುದು ಆಗ ತಿಳಿಯಿತು. ನೀವೂ ಹಾಗೆ ಮಾಡಿ. ಆ ಮೂರು ವಚನ ವಿವರಿಸುವುದಕ್ಕಿಂತ ಅದು ಮೇಲು.

24ನೇ ವಚನದ ಹೊಳೆ ಎಂಥ ಹೊಳೆ ಅನ್ನುವುದನ್ನೂ ಹೇಳಿ. ಆ ನಾಡಿನ ಹಳ್ಳಗಳು ಮಳೆ ಬಂದಾಗ ಉಕ್ಕುತ್ತವೆ, ಉಳಿದ ದಿನ ಬರೀ ಕಲ್ಲು. ನಮ್ಮೂರ ಹಳ್ಳದ ಹಾಗೇ. ಆಮೋಸ ಕೇಳುವುದು ಬೇಸಿಗೆಯಲ್ಲೂ ಬತ್ತದ ಹೊಳೆಯನ್ನು. ದೀಪಾವಳಿಗೆ ಬೋನಸ್ ಕೊಟ್ಟು ಮಾರ್ಚಿನಲ್ಲಿ ಪಗಾರ ತಡೆಯುವ ಮುಕಾದಮನನ್ನು ಕಂಡವರಿಗೆ ವ್ಯತ್ಯಾಸ ಗೊತ್ತು.

ನಾಲ್ಕನೇ ಭಾನುವಾರ 7, 8. ಓಳಂಬಾ ಇವತ್ತಿಗೆ. ಅದನ್ನು ಕೈಯಲ್ಲಿ ಹಿಡಿದು ತೋರಿಸಿದರೆ ಸಾಲದು, ನೀವು ಕೂತ ಖೋಲಿಯ ಗೋಡೆಗೇ ಹಿಡಿಯಿರಿ. ದಾರ ಪೋಣಿಸಿದ ತುಂಡನ್ನು ಗೋಡೆಯ ಮೇಲ್ತುದಿಗೆ ಒತ್ತಿ, ಗುಂಡು ಕೆಳಗೆ ಬಿಡಿ. ತೂಗಾಟ ನಿಲ್ಲುವವರೆಗೆ ಕಾಯಿರಿ. ಯಾರೂ ಮಾತಾಡದಿದ್ದರೆ ಚೆನ್ನ. ತುಂಡಿನ ಅಗಲ, ಗುಂಡಿನ ಅಗಲ ಒಂದೇ ಇರುತ್ತದೆ. ಹಾಗಾಗಿ ಗುಂಡು ಗೋಡೆಗೆ ಕೂದಲೆಳೆಯಷ್ಟು ತಾಗಿಯೂ ತಾಗದಂತೆ ನಿಂತರೆ ಗೋಡೆ ನೆಟ್ಟಗಿದೆ. ಗುಂಡು ಗೋಡೆಗೆ ಒರಗಿದರೆ ಗೋಡೆಯ ಬುಡ ಮುಂದೆ ಬಂದಿದೆ. ನಡುವೆ ಸಂದು ಬಿದ್ದರೆ ತಲೆ ಮುಂದೆ ವಾಲಿದೆ. ನಮ್ಮ ಖೋಲಿಯ ಗೋಡೆಯಲ್ಲಿ ಎರಡು ಬೆರಳು ಸಂದು ಬಿತ್ತು. ಹನ್ನೊಂದು ವರ್ಷ ಆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೇನೆ, ಕಣ್ಣಿಗೆ ಒಂದು ದಿನವೂ ಕಂಡಿರಲಿಲ್ಲ.

ಇನ್ನು 7ನೇ ಅಧ್ಯಾಯ ಓದಿ. ಮೊದಲು ಮಿಡತೆಯ ದರ್ಶನ. ಆಮೋಸ ಬೇಡಿಕೊಳ್ಳುತ್ತಾನೆ, ಯಾಕೋಬು ಚಿಕ್ಕವನು, ಹೇಗೆ ಉಳಿದಾನು ಅಂತ. ಯಾಕೋಬು ಅಂದರೆ ಇಲ್ಲಿ ಇಸ್ರಾಯೇಲ್ ಜನ. ದೇವರು ಬಿಡುತ್ತಾನೆ. ಆಮೇಲೆ ಬೆಂಕಿಯ ದರ್ಶನ. ಮತ್ತೆ ಬೇಡುತ್ತಾನೆ, ಮತ್ತೆ ಬಿಡುತ್ತಾನೆ. ಮೂರನೆಯದು ನೂಲುಗುಂಡು. ಈ ಸಲ ಆಮೋಸ ಬೇಡುವುದೇ ಇಲ್ಲ. ಯಾಕೆ ಅಂತ ಗುಂಪಿನಲ್ಲಿ ಕೇಳಿ, ಉತ್ತರ ನೀವು ಕೊಡಬೇಡಿ. ಗವಂಡಿಗಳು ಕೊಡುತ್ತಾರೆ. ಇನ್ನೊಂದು ಮಾತು, ಪುಸ್ತಕದಲ್ಲಿ ಅದು ನೂಲುಗುಂಡು ಹಿಡಿದೇ ಕಟ್ಟಿದ ಗೋಡೆ. ಕಟ್ಟಿದಾಗ ನೆಟ್ಟಗಿತ್ತು. ಈಗ ವಾಲಿದೆ. ಇಲ್ಲಿನ ಇಬ್ರಿಯ ಮಾತು ಅನಾಕ್ ಈ ಎರಡು ವಚನ ಬಿಟ್ಟು ಸತ್ಯವೇದದಲ್ಲಿ ಎಲ್ಲೂ ಬರುವುದಿಲ್ಲ. ಅದು ನೂಲುಗುಂಡಲ್ಲ, ತವರ ಅನ್ನುವ ವಿದ್ವಾಂಸರಿದ್ದಾರೆ. ಇದನ್ನು ಗುಂಪಿಗೆ ಮುಚ್ಚಿಡಬೇಡಿ. ನಾನಂತೂ ನೂಲುಗುಂಡಿನ ಪಕ್ಷ.

ಅದರ ಬೆನ್ನಿಗೇ ಬೇತೇಲಿನ ಯಾಜಕ ಅಮಚ್ಯ ಬರುತ್ತಾನೆ. ನಿನ್ನ ಊರಿಗೆ ಹೋಗು, ಅಲ್ಲೇ ರೊಟ್ಟಿ ತಿನ್ನು, ಅಲ್ಲೇ ಪ್ರವಾದನೆ ಹೇಳು, ಇದು ರಾಜನ ದೇವಸ್ಥಾನ ಅನ್ನುತ್ತಾನೆ. ಪರಊರಿನಲ್ಲಿ ದುಡಿಯುವ ನಮ್ಮಂಥವರು ಈ ಮಾತನ್ನು ಎಷ್ಟು ಬಾಯಲ್ಲಿ ಕೇಳಿಲ್ಲ? ಆಗಲೇ ಆಮೋಸ ನಾನು ಅತ್ತಿಹಣ್ಣಿನವನು ಅಂದದ್ದು. ಮೊದಲ ಭಾನುವಾರ ಓದಿದ ವಚನ ಈಗ ತನ್ನ ಜಾಗದಲ್ಲಿ ಸಿಗುತ್ತದೆ.

8ನೇ ಅಧ್ಯಾಯ ಒಂದು ಬುಟ್ಟಿ ಹಣ್ಣಿನಿಂದ ಶುರು. ಇಬ್ರಿಯದಲ್ಲಿ ಬೇಸಿಗೆ ಹಣ್ಣಿಗೆ ಕಯಿಟ್ಸ್, ಕೊನೆಗೆ ಕೇಟ್ಸ್. ಶಬ್ದದ ಆಟ. ಕನ್ನಡದಲ್ಲಿ ಓದಿದರೆ ಹಣ್ಣಿಗೂ ಅಂತ್ಯಕ್ಕೂ ಏನು ಸಂಬಂಧ ಅಂತ ತಲೆ ಕೆರೆದುಕೊಳ್ಳುತ್ತಾರೆ. ನಾನು ಹೀಗೆ ಹೇಳಿದೆ: ಏನು ಕಾಣುತ್ತೀ? ಮಾಗಿದ್ದು. ಹೌದು, ನನ್ನ ಜನರ ಕಾಲ ಮುಗಿದದ್ದು. ಎಲ್ಲರಿಗೂ ಹತ್ತಿತು.

ಆಮೇಲೆ ವ್ಯಾಪಾರಿಗಳು. ಅಮಾವಾಸ್ಯೆ ಹಬ್ಬ ಯಾವಾಗ ಮುಗಿಯುತ್ತದೆ, ಸಬ್ಬತ್, ಅಂದರೆ ವಾರದ ವಿಶ್ರಾಂತಿ ದಿನ ಯಾವಾಗ ಮುಗಿಯುತ್ತದೆ, ಅಂಗಡಿ ತೆಗೆಯಬೇಕು ಅಂತ ಕಾಯುವವರು. ಏಫಾ ಸಣ್ಣದು, ಶೆಕೆಲ್ ದೊಡ್ಡದು, ತಕ್ಕಡಿ ಮೋಸದ್ದು. ಏಫಾ ಅಂದರೆ ಕಾಳು ಅಳೆಯುವ ಕೊಳಗ, ಸುಮಾರು 22 ಲೀಟರ್. ಶೆಕೆಲ್ ಅಂದರೆ ಬೆಳ್ಳಿ ತೂಗುವ ಕಲ್ಲು, ಸುಮಾರು 11 ಗ್ರಾಂ. ಕೊಡುವ ಕೊಳಗ ಕಿರಿದು ಮಾಡಿ, ತಗೊಳ್ಳುವ ಕಲ್ಲು ಭಾರ ಮಾಡಿದರೆ ಎರಡೂ ಕಡೆ ಲಾಭ. ನಮ್ಮ ದಂಧೆಯಲ್ಲಿ ಇದಕ್ಕೆ ಬ್ರಾಸ್ ಅನ್ನಿ. ಒಂದು ಬ್ರಾಸ್ ಮರಳು ಅಂದರೆ 100 ಘನ ಅಡಿ. ಟ್ರಕ್ಕಿನ ತಳದಲ್ಲಿ ಎಷ್ಟು ಬಂದಿದೆ ಅಂತ ಸರಳು ಚುಚ್ಚಿ ಅಳೆಯದಿದ್ದರೆ ಗೊತ್ತಾಗುವುದಿಲ್ಲ.

ಇಲ್ಲೊಂದು ನಿಯಮ ಇಟ್ಟುಕೊಳ್ಳಿ. ಈ ಭಾಗ ಓದಿದ ಮೇಲೆ ಎಲ್ಲರೂ ಮಾತಾಡಬೇಕು, ಆದರೆ ತಂತಮ್ಮ ಅಳತೆಯ ಬಗ್ಗೆ ಮಾತ್ರ. ಬಿಲ್ಡರ್, ರಾಜಕಾರಣಿ, ಬೇರೆ ಜಾತಿ, ಬೇರೆ ಸಭೆ ಯಾರ ಹೆಸರೂ ಬರಬಾರದು. ಕಷ್ಟ, ಆದರೆ ಇದು ಇಲ್ಲದಿದ್ದರೆ ಇಡೀ ಪುಸ್ತಕ ಇನ್ನೊಬ್ಬರ ಕಡೆ ಎಸೆಯುವ ಕಲ್ಲಾಗುತ್ತದೆ. ಹಾಲು ಹಾಕುವ ಅಕ್ಕ ಒಬ್ಬಳು ನೀರಿನ ಮಾತು ಎತ್ತಿದಳು. ಅದು ಆ ಖೋಲಿಯಲ್ಲೇ ಉಳಿಯಲಿ.

ಕೊನೆಯ ಭಾನುವಾರ 9ನೇ ಅಧ್ಯಾಯ ಒಂದೇ. ಮೊದಲ ಭಾಗ ಭಯದ್ದು, ಓಡಿದರೂ ಅಡಗಿದರೂ ತಪ್ಪಿಸಿಕೊಳ್ಳಲಾಗದು ಅನ್ನುವುದು. ಮೊದಲ ವಚನದಲ್ಲಿ ಕಂಬಗಳು ನಡುಗುತ್ತವೆ. ಪುಸ್ತಕದ ಶುರುವಿನಲ್ಲಿ ಭೂಕಂಪಕ್ಕೆ ಎರಡು ವರ್ಷ ಮುಂಚೆ ಅಂತ ಇತ್ತಲ್ಲ, ಅದನ್ನು ಇಲ್ಲಿ ನೆನಪಿಸಿ. 1993ರಲ್ಲಿ ಕಿಲ್ಲಾರಿಯ ಭೂಕಂಪ ಕಂಡವರು ನಮ್ಮ ಬೀದರ್ ಕಡೆ ಬಹಳ ಜನ. ಅವರಿಗೆ ಮಾತಾಡಲು ಬಿಡಿ. ಆಮೋಸ ಹೇಳಿದ ಸುಮಾರು ನಲವತ್ತು ವರ್ಷಕ್ಕೆ, ಕ್ರಿಸ್ತಪೂರ್ವ 722ರ ಹೊತ್ತಿಗೆ, ಅಶ್ಶೂರ್ಯರು ಸಮಾರ್ಯವನ್ನು ಹಿಡಿದರು. ಅದನ್ನೂ ಹೇಳಿ.

11ರಿಂದ ದನಿ ಬದಲಾಗುತ್ತದೆ. ಬಿದ್ದ ಗುಡಾರ ಮತ್ತೆ ಎತ್ತುತ್ತೇನೆ, ಬಿರುಕು ಮುಚ್ಚುತ್ತೇನೆ ಅನ್ನುತ್ತಾನೆ ದೇವರು. ಈ ಕೊನೆಯ ವಚನಗಳನ್ನು ಆಮೇಲೆ ಯಾರೋ ಸೇರಿಸಿದ್ದು ಅನ್ನುವವರೂ ಇದ್ದಾರೆ. ನನಗೆ ಅದರಿಂದ ಏನೂ ಕಡಿಮೆಯಾಗುವುದಿಲ್ಲ. ಓದುವ ಮುಂಚೆ 5:11ಕ್ಕೆ ಹಿಂದೆ ಹೋಗಿ. ಕೆತ್ತಿದ ಕಲ್ಲಿನ ಮನೆ ಕಟ್ಟಿಸಿದ್ದೀರಿ, ಅದರಲ್ಲಿ ವಾಸ ಮಾಡುವುದಿಲ್ಲ ಅಂತ ಅಲ್ಲಿ ದುಡ್ಡಿದ್ದವರಿಗೆ ಶಾಪ ಇದೆ. ಈಗ 9:14. ಪಾಳುಬಿದ್ದ ಊರು ಕಟ್ಟುತ್ತಾರೆ, ಅದರಲ್ಲೇ ವಾಸ ಮಾಡುತ್ತಾರೆ.

ಈ ವಚನವನ್ನು ಗುಂಪಿನಲ್ಲಿ ಎಲ್ಲರಿಗಿಂತ ಜಾಸ್ತಿ ಮನೆ ಕಟ್ಟಿದವರ ಕೈಲಿ ಓದಿಸಿ. ನಮ್ಮಲ್ಲಿ ಒಬ್ಬ ಕಾಕಾ ಇದ್ದಾರೆ. 40 ವರ್ಷ ಗವಂಡಿ ಕೆಲಸ ಮಾಡಿದರು, ಈಗಲೂ ಬಾಡಿಗೆ ಖೋಲಿ. ಅವರು ಕನ್ನಡಕ ಹಾಕಿಕೊಂಡು ಓದಿದರು. ವಾಸ ಮಾಡುತ್ತಾರೆ ಅನ್ನುವಲ್ಲಿ ನಿಂತು ಆ ಸಾಲನ್ನು ಇನ್ನೊಂದು ಸಲ ಓದಿದರು. ಆಮೇಲೆ 15ನೇ ವಚನ ಓದಿ ಪುಸ್ತಕ ಮುಚ್ಚಿದರು. ಆ ಸಂಜೆ ಡೋಲಕ್ಕಿನ ಮೇಲಿನ ಬಟ್ಟೆ ತೆಗೆದೆವು.

ಮುಂದಿನ ಭಾನುವಾರವೇ ಹೊಸ ಪುಸ್ತಕ ಶುರು ಮಾಡಬೇಡಿ. ಕೆಲಸದ ಪಾಳಿ ಇದ್ದು ನಡುವೆ ಬರದೆ ಉಳಿದವರು ಇರುತ್ತಾರೆ. ಅವರು ತಪ್ಪಿಸಿಕೊಂಡ ಅಧ್ಯಾಯವನ್ನು ಅವರ ಜೊತೆ ಮತ್ತೆ ಓದಿ. ಓಳಂಬಾ ವಾಪಸ್ ಕೊಡುವುದು ಮರೆಯಬೇಡಿ, ಸೋಮವಾರ ಬೆಳಿಗ್ಗೆ ಅವರಿಗೆ ಬೇಕಾಗುತ್ತದೆ.